ಮುಂದೇನಾತು? ಮಕ್ಕಳಿಗೆ ಕತೆಪುಸ್ತಕ ಆರಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳದ ನಮ್ಮ ಮನೆಯ ಪಡಸಾಲೆಗೆ ಪ್ರತಿ ಭಾನುವಾರ ಬೆಳಿಗ್ಗೆ ಮಕ್ಕಳು ಬಂದು ಕತೆಪುಸ್ತಕ ಒಯ್ಯುತ್ತಾರೆ. ಅವರನ್ನು ಬಿಡಲು ಬಂದ ಅಪ್ಪ-ಅವ್ವಂದಿರು ಹೊಸ್ತಿಲಲ್ಲೇ ನಿಂತು ಏನಾದರೂ ಕೇಳುತ್ತಾರೆ. ಗಂಗಾವತಿ, ಕುಷ್ಟಗಿ, ಸಿಂಧನೂರು, ಸಿರುಗುಪ್ಪ ಕಡೆಯ ಶಿಕ್ಷಕರು ಫೋನ್ ಮಾಡುತ್ತಾರೆ, ಕೆಲವರು ಈಗಲೂ ಪತ್ರ ಬರೆಯುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಹಾಗಾಗಿ ಕೇಳಿದವರ ಮಾತಿನಲ್ಲೇ ಒಂದು ಕಡೆ ಬರೆದಿಟ್ಟಿದ್ದೇನೆ. ಸಣ್ಣ ಮಕ್ಕಳ ವಿಷಯ ಮೊದಲು, ಓದು ಹಿಡಿದ ಮಕ್ಕಳದು ಆಮೇಲೆ.

## ಈಗಷ್ಟೇ ಶುರು ಮಾಡುವವರಿಗೆ

ಇನ್ನಾ ಅಕ್ಷರನ ಬರಂಗಿಲ್ರಿ. ಈಗ್ಲೇ ಪುಸ್ತಕ ಕೊಟ್ಟು ಏನ್ ಉಪಯೋಗ?

ಅಕ್ಷರಕ್ಕೆ ಕಾಯಬೇಡಿ. ಕೂಸು ತಾನೇ ಕೂತು ಎರಡೂ ಕೈಯಲ್ಲಿ ಏನಾದರೂ ಹಿಡಿಯುವಂತಾದರೆ ದಪ್ಪ ರಟ್ಟಿನ ಚಿತ್ರಪುಸ್ತಕ ಕೊಡಬಹುದು. ಬಾಯಿಗೆ ಹಾಕುತ್ತದೆ, ಹರಿಯುತ್ತದೆ. ಹರಿದಲ್ಲಿ ಟೇಪು ಹಚ್ಚಿ ಮತ್ತೆ ಕೊಡಿ.

ಭಾಗ್ಯನಗರದಿಂದ ಬರುವ ಒಬ್ಬಳು ಹುಡುಗಿ ತನ್ನ ಎರಡೂವರೆ ವರ್ಷದ ತಂಗಿಯನ್ನೂ ಕರೆತರುತ್ತಾಳೆ. ಒಂದು ಪುಸ್ತಕದ ಬಲಪುಟದಲ್ಲಿ ಆನೆಯ ಬಾಲ, ಹಿಂಗಾಲು ಅಷ್ಟೇ ಇತ್ತು. ಆ ಕೂಸು ಪುಟದ ಹಿಂದೆ ಕೈ ಹಾಕಿ ತಡಕಿತು. "ಉಳಿದ ಆನಿ ಎಲ್ಲೈತಿ?" ಅಂತ ಕೇಳಿತು. ಪುಟ ತಿರುಗಿಸಿದೆವು, ಆನೆ ಸಿಕ್ಕಿತು. ಅಷ್ಟಕ್ಕೇ ಚಪ್ಪಾಳೆ ಹೊಡೆದು ಮತ್ತೆ ಹಿಂದಿನ ಪುಟಕ್ಕೆ ಹೋಯಿತು. ಮುಂದಿನ ಪುಟದಲ್ಲಿ ಏನೋ ಇದೆ ಅಂತ ಆ ಕೂಸಿಗೆ ಗೊತ್ತಾಯಿತು. ಅಕ್ಷರ ಆಮೇಲೆ ಬಂದೇ ಬರುತ್ತದೆ.

ನಾನು ಸಾಲಿಗೆ ಹೋದಾಕಿ ಅಲ್ರಿ. ನಾ ಹೆಂಗ ಓದಿ ಹೇಳ್ಲಿ?

ಈ ಮಾತು ಹೇಳುವಾಗ ತಾಯಂದಿರು ದನಿ ತಗ್ಗಿಸುತ್ತಾರೆ. ತಗ್ಗಿಸಬೇಕಾಗಿಲ್ಲ. ಬಳ್ಳಾರಿ ಸೀಮೆಯ ಬುರ್ರಕಥಾ ಕಲಾವಿದೆ ದರೋಜಿ ಈರಮ್ಮನವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ರಾತ್ರಿಗಟ್ಟಲೆ ಹಾಡುವಷ್ಟು ದೊಡ್ಡ ದೊಡ್ಡ ಕಾವ್ಯಗಳು ಅವರ ನೆನಪಿನಲ್ಲಿದ್ದವು. ಕತೆ ಹೇಳೋದಕ್ಕೂ ಅಕ್ಷರ ಬರೋದಕ್ಕೂ ನಂಟು ಕಟ್ಟಬೇಡಿ.

ಮಾತೇ ಇಲ್ಲದ, ಬರೀ ಚಿತ್ರಗಳ ಪುಸ್ತಕಗಳಿವೆ. ಅವನ್ನು ಒಯ್ದು ಚಿತ್ರ ನೋಡುತ್ತಾ ನಿಮ್ಮ ಮಾತಿನಲ್ಲಿ ಹೇಳಿ. ಮಗು ಮೂರನೇ ಕ್ಲಾಸು ದಾಟಿದ್ದರೆ ಅದರ ಕೈಯಲ್ಲೇ ಓದಿಸಿ, ನೀವು ರೊಟ್ಟಿ ಬಡಿಯುತ್ತಾ ಕೇಳಿ. ನಡುವೆ "ಆಮ್ಯಾಲೆ?" ಅನ್ನಿ. ಅವ್ವ ಕಾಯುತ್ತಿದ್ದಾಳೆ ಅಂತ ಗೊತ್ತಾದರೆ ಮಗು ಕತೆಯನ್ನು ನಡುವೆ ಬಿಟ್ಟು ಏಳುವುದಿಲ್ಲ.

ಕತಿಪುಸ್ತಕ ಓದಿದ್ರ ಮಾರ್ಕ್ಸ್ ಜಾಸ್ತಿ ಬರ್ತಾವೇನ್ರಿ?

ಬರುತ್ತವೆ ಅಂತ ನಾನು ಮಾತು ಕೊಡುವುದಿಲ್ಲ. ಕತೆ ಓದುವ ಮಕ್ಕಳಿಗೆ ಉದ್ದನೆಯ ಪ್ರಶ್ನೆ ಕಂಡರೆ ಹೆದರಿಕೆ ಕಡಿಮೆ, ಪದಗಳು ಜಾಸ್ತಿ ಗೊತ್ತಿರುತ್ತವೆ, ಒಂದು ಕಡೆ ಕೂರುವ ರೂಢಿ ಬರುತ್ತದೆ. ಇಷ್ಟನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಮಾರ್ಕ್ಸಿಗೋಸ್ಕರ ಓದಿಸಿದರೆ ಮಗು ಅದನ್ನು ಬೇಗ ಕಂಡುಹಿಡಿಯುತ್ತದೆ. ಆಮೇಲೆ ಕತೆಪುಸ್ತಕವೂ ಇನ್ನೊಂದು ಪಾಠಪುಸ್ತಕ ಆಗಿಬಿಡುತ್ತದೆ.

ಪುಸ್ತಕ ತುಟ್ಟಿ ಅದಾವ್ರಿ. ರೊಕ್ಕ ಇಲ್ಲದವರು ಎಲ್ಲಿಂದ ತರೂಣು?

ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ. ಅದನ್ನು ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರ ಮಕ್ಕಳ ದಿನಾಚರಣೆಯಂದು ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಎಷ್ಟೋ ಪಾಲಕರಿಗೆ ಇದು ಗೊತ್ತೇ ಇಲ್ಲ. ಮಗುವನ್ನು ಕೈಹಿಡಿದು ಕರೆದೊಯ್ದು ಕಾರ್ಡು ಮಾಡಿಸಿ, ಪುಸ್ತಕ ಅದರ ಕೈಗೇ ಕೊಡಿಸಿ.

ಕೊಂಡುಕೊಳ್ಳುವುದಾದರೆ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆ, ಪ್ರಥಮ್ ಬುಕ್ಸಿನ ಪುಸ್ತಕಗಳು, ನವಕರ್ನಾಟಕದ ಮಕ್ಕಳ ಪುಸ್ತಕಗಳು ಕೈಗೆಟುಕುವ ಬೆಲೆಯಲ್ಲಿವೆ. ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಅನ್ನುವ ಜಾಲತಾಣ ಶುರು ಮಾಡಿತು. ಅಲ್ಲಿ ಕನ್ನಡದ ಕತೆಗಳನ್ನು ಪುಕ್ಕಟೆ ಓದಬಹುದು, ಇಳಿಸಿಕೊಂಡು ಪ್ರಿಂಟ್ ಕೂಡ ತೆಗೆಸಬಹುದು. ಯಲಬುರ್ಗಾ ಕಡೆಯ ಒಬ್ಬ ಶಿಕ್ಷಕರು ಹತ್ತು ಕತೆ ಪ್ರಿಂಟ್ ತೆಗೆಸಿ, ಮದುವೆ ಕಾರ್ಡಿನ ರಟ್ಟು ಹಚ್ಚಿ, ದಾರದಿಂದ ಹೊಲಿದು ತಂದು ತೋರಿಸಿದರು. ನಮ್ಮ ಪಡಸಾಲೆಯಲ್ಲಿ ಅವುಗಳಿಗೇ ಜಾಸ್ತಿ ಬೇಡಿಕೆ.

ಯಾವಾಗ ನೋಡಿದ್ರೂ ಮೊಬೈಲ್. ಪುಸ್ತಕ ಕೊಟ್ರ ಬಿಸಾಕ್ತಾನ. ಏನ್ ಮಾಡ್ಲಿ?

ಮೊಬೈಲ್ ಕಸಿದುಕೊಂಡು ಅದೇ ಕೈಗೆ ಪುಸ್ತಕ ಇಡಬೇಡಿ. ಪುಸ್ತಕ ಶಿಕ್ಷೆ ಆಗುತ್ತದೆ. ಅವನು ಮೊಬೈಲಿನಲ್ಲಿ ಏನು ನೋಡುತ್ತಾನೆ ಅಂತ ನಾಲ್ಕು ದಿನ ಗಮನಿಸಿ. ಹಾವು ಹಿಡಿಯುವವರನ್ನಾ, ಕ್ರಿಕೆಟ್ಟಾ, ಟ್ರ್ಯಾಕ್ಟರಾ? ಅದರದ್ದೇ ಕತೆ ಹುಡುಕಿ. ರಾತ್ರಿ ಕರೆಂಟು ಹೋದಾಗ ಅರ್ಧ ಓದಿ ಹೇಳಿ, ತುದಿಗಾಲಲ್ಲಿ ನಿಲ್ಲಿಸುವ ಜಾಗದಲ್ಲಿ ಮುಚ್ಚಿಟ್ಟು ಮಲಗಿ. ಮರುದಿನ ಪುಸ್ತಕ ಅವನಿಗೆ ಕಾಣುವ ಕಡೆ ಇರಲಿ. ಒಂದೇ ಸಲಕ್ಕೆ ಆಗುವುದಿಲ್ಲ, ಐದಾರು ಸಲ ಮಾಡಬೇಕಾಗುತ್ತದೆ.

## ಪುಸ್ತಕ ಕೈಯಲ್ಲಿ ಹಿಡಿದು ನೋಡುವಾಗ

ಅಂಗಡ್ಯಾಗ ನಿಂತಾಗ ಒಂದು ಪುಸ್ತಕ ಚಲೋ ಐತೋ ಇಲ್ಲೋ ಹೆಂಗ ಗೊತ್ತಾಗತೈತಿ?

ಹತ್ತು ನಿಮಿಷ ಸಾಕು. ಆದರೆ ನಿಂತು ಓದಬೇಕು, ಮುಖಪುಟ ನೋಡಿ ಕೊಳ್ಳಬಾರದು.

ಮೊದಲ ಎರಡು ಪುಟ ಓದಿ. ಅಷ್ಟರೊಳಗೆ ಯಾರಿಗೋ ಏನೋ ಬೇಕಾಗಿರಬೇಕು, ಇಲ್ಲವೇ ಏನೋ ಎಡವಟ್ಟಾಗಿರಬೇಕು. ಕಳೆದ ಮೇಕೆ ಮರಿ, ಬಾರದ ಬಸ್ಸು, ತೆಗೆಯಬೇಡ ಅಂದ ಪೆಟ್ಟಿಗೆ. "ಒಂದೂರಲ್ಲಿ ರಾಮು ಎಂಬ ಬಾಲಕನಿದ್ದನು, ಅವನು ಒಳ್ಳೆಯ ಬಾಲಕನಾಗಿದ್ದನು" ಅಂತ ಎರಡು ಪುಟ ಹೋದರೆ ಮಗು ಮೂರನೆಯದಕ್ಕೆ ಬರುವುದಿಲ್ಲ. ನಿಮ್ಮೊಳಗೇ ಕೇಳಿಕೊಳ್ಳಿ: ಮುಂದೇನಾತು ಅಂತ ನನಗೇ ಅನ್ನಿಸಿತಾ? ದೊಡ್ಡವರಿಗೆ ಬೇಸರ ತರಿಸುವ ಪುಸ್ತಕ ಮಕ್ಕಳಿಗೂ ಸಾಮಾನ್ಯವಾಗಿ ಬೇಸರವೇ.

ಆಮೇಲೆ ನಡುವಿನ ಒಂದು ಪುಟ ತೆರೆದು ಮಾತುಕತೆ ಇರುವ ಸಾಲನ್ನು ಸಣ್ಣ ದನಿಯಲ್ಲಿ ಓದಿ ನೋಡಿ. ಕನ್ನಡದ ಮಕ್ಕಳು ಹಾಗೆ ಮಾತಾಡುತ್ತಾರಾ? ಅವಸರದ ಅನುವಾದ ಇಲ್ಲೇ ಸಿಕ್ಕಿಬೀಳುತ್ತದೆ. ಅಣ್ಣ ತಂಗಿಯನ್ನು "ನನ್ನ ಪ್ರೀತಿಯ ಸಹೋದರಿಯೇ" ಅಂತ ಕರೆದರೆ ಪುಸ್ತಕ ಕೆಳಗಿಡಿ. ಅನುವಾದ ಆಗಿರುವುದು ತಪ್ಪಲ್ಲ. ಕುವೆಂಪು ಅವರ ಕಿಂದರಿಜೋಗಿಯ ಮೂಲ ಇಂಗ್ಲಿಷಿನ ಒಂದು ಪದ್ಯ. ಅದನ್ನು ಕೇಳಿದ ಯಾವ ಮಗುವಿಗೂ ಹಾಗನ್ನಿಸುವುದಿಲ್ಲ, ಅಲ್ವಾ?

ಮೂರನೆಯದು ಅಕ್ಷರ. ಇದನ್ನು ನೋಡುವವರು ಕಡಿಮೆ. ಎರಡು-ಮೂರನೇ ಕ್ಲಾಸಿನ ಮಗುವಿಗೆ ಒತ್ತಕ್ಷರ ಇನ್ನೂ ಕಲ್ಲುದಾರಿ. ಒಂದೇ ಸಾಲಿನಲ್ಲಿ ನಾಲ್ಕೈದು ಒತ್ತಕ್ಷರ ಬಂದರೆ ಕತೆ ಕೈಬಿಟ್ಟು ಹೋಗುತ್ತದೆ. ಸಂಧಿ ಮಾಡಿ ಉದ್ದಕ್ಕೆ ಹೆಣೆದ ಪದಗಳೂ ಹಾಗೆಯೇ. ಅಕ್ಷರ ದೊಡ್ಡದಿರಬೇಕು, ಸಾಲುಗಳ ನಡುವೆ ಜಾಗ ಇರಬೇಕು. ಸಾಲು ಹತ್ತಿರ ಹತ್ತಿರ ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಬೆರಳಿಟ್ಟು ಓದುವ ಮಗು ಸಾಲು ತಪ್ಪಿಸಿಕೊಳ್ಳುತ್ತದೆ. ಬಣ್ಣದ ಚಿತ್ರದ ಮೇಲೆಯೇ ಅಕ್ಷರ ಮುದ್ರಿಸಿದ್ದರೂ ಇದೇ ಕಷ್ಟ.

ಇನ್ನು ಚಿತ್ರ. ಬರೆದದ್ದನ್ನೇ ಮತ್ತೆ ತೋರಿಸುವ ಚಿತ್ರಕ್ಕಿಂತ, ಬರೆಯದೇ ಬಿಟ್ಟದ್ದನ್ನು ತೋರಿಸುವ ಚಿತ್ರ ಮೇಲು. ಕತೆಯಲ್ಲಿ ಬೆಕ್ಕಿನ ಮಾತೇ ಇಲ್ಲ, ಆದರೆ ಪ್ರತಿ ಪುಟದ ಮೂಲೆಯಲ್ಲಿ ಬೆಕ್ಕೊಂದು ಏನೋ ಕದಿಯುತ್ತಿದೆ. ಇಂಥದ್ದನ್ನು ಕಂಡುಹಿಡಿಯುವುದು ಮಕ್ಕಳೇ, ನಾವಲ್ಲ.

ಪುಸ್ತಕದ ಹಿಂದ ಇಷ್ಟು ವಯಸ್ಸಿನವರಿಗೆ ಅಂತ ಬರದಿರತೈತಿ. ಅದನ್ನ ನಂಬಬೇಕೇನು?

ಅಂದಾಜಿಗೆ ನೋಡಿ, ಕಾನೂನು ಮಾಡಿಕೊಳ್ಳಬೇಡಿ. ಪ್ರಥಮ್ ಬುಕ್ಸಿನವರು ವಯಸ್ಸಿನ ಬದಲು 1ರಿಂದ 4ರವರೆಗೆ ಓದಿನ ಹಂತ ಹಾಕುತ್ತಾರೆ. ಅದು ನನಗೆ ಹೆಚ್ಚು ಸರಿ ಕಾಣುತ್ತದೆ. ಐದನೇ ಕ್ಲಾಸಿನಲ್ಲಿದ್ದೂ 2ನೇ ಹಂತದ ಪುಸ್ತಕವೇ ಹಿತ ಅನ್ನಿಸುವ ಮಕ್ಕಳಿದ್ದಾರೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ. ದುಡಿಯಲು ಗುಳೆ ಹೋದ ಅಪ್ಪ-ಅವ್ವನ ಜೊತೆ ಹೋಗಿ ಬಂದ ಮಕ್ಕಳಿಗೆ ಒಂದು ವರ್ಷದ ಓದೇ ತಪ್ಪಿರುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಒಂದು ಪುಟ ಓದಲು ಹೇಳಿ, ತಿಳಿಯದ ಪದ ಬಂದಾಗಲೆಲ್ಲ ಒಂದು ಬೆರಳು ಮಡಚಲಿ. ಪುಟ ಮುಗಿಯುವುದರೊಳಗೆ ಐದೂ ಬೆರಳು ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಭಾರ. ಅದನ್ನು ನೀವೇ ಓದಿ ಹೇಳಿ. ಯಾಕಂದರೆ ಮಗುವಿನ ಕಿವಿ ಅದರ ಕಣ್ಣಿಗಿಂತ ಎರಡು ಕ್ಲಾಸು ಮುಂದಿರುತ್ತದೆ.

ನೀತಿ ಇಲ್ಲದ ಕತಿ ಓದಿ ಮಕ್ಕಳು ಏನ್ ಕಲೀತಾವ?

ಈ ಪ್ರಶ್ನೆಗೆ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಉತ್ತರ ಹೇಳಿದ್ದೇನೆ. ಕೇಳುವವರ ಕಾಳಜಿ ನಿಜ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಕತೆ ಮುಗಿದ ಕೂಡಲೇ "ಇದರ ನೀತಿ ಏನು ಹೇಳು" ಅಂತ ಕೇಳಿದಾಗ ಮಗುವಿನ ಮುಖ ನೋಡಿದ್ದೀರಾ? ಈಗಷ್ಟೇ ಕಾಡಿನೊಳಗಿತ್ತು, ಮರುಕ್ಷಣ ಪರೀಕ್ಷೆಯ ಹಾಲಿನಲ್ಲಿ ಕೂತಿರುತ್ತದೆ.

ಪಂಚತಂತ್ರವನ್ನೇ ತಗೊಳ್ಳಿ. ಓದಿನಲ್ಲಿ ಮನಸ್ಸಿಲ್ಲದ ಮೂವರು ರಾಜಕುಮಾರರಿಗೆ ವಿಷ್ಣುಶರ್ಮ ಪಾಠ ಹೇಳಬೇಕಿತ್ತು. ಕತೆಯ ಒಳಗೊಂದು ಕತೆ, ಅದರೊಳಗೆ ಇನ್ನೊಂದು ಕಟ್ಟಿ, ಮುಂದೇನು ಅಂತ ಅವರೇ ಕೇಳುವ ಹಾಗೆ ಮಾಡಿದ. ಕನ್ನಡದಲ್ಲಿ ದುರ್ಗಸಿಂಹ ಇದನ್ನು 11ನೇ ಶತಮಾನದಲ್ಲೇ ಬರೆದ. ಅಷ್ಟು ಕಾಲದಿಂದ ಆ ಕತೆಗಳನ್ನು ಉಳಿಸಿದ್ದು ಮೊಲ ಸಿಂಹವನ್ನು ಬಾವಿಯ ತನಕ ಹೇಗೆ ಕರೆದೊಯ್ದಿತು ಅನ್ನುವ ಕುತೂಹಲ. ಈಗ ಅವನ್ನೇ ಆರು ಸಾಲಿಗೆ ಇಳಿಸಿ, ಕೆಳಗೆ ಚೌಕಟ್ಟಿನಲ್ಲಿ ನೀತಿ ಅಚ್ಚುಹಾಕಿ ಮಾರುತ್ತಾರೆ. ಅಂಥವನ್ನು ನಾನು ತರಿಸುವುದಿಲ್ಲ.

ನೀತಿ ಕೇಳುವ ಬದಲು "ನೀನಾಗಿದ್ರ ಏನ್ ಮಾಡ್ತಿದ್ದಿ?" ಅಂತ ಕೇಳಿ ನೋಡಿ. ಒಮ್ಮೆ ಇದೇ ಸಿಂಹ-ಮೊಲದ ಕತೆಗೆ ಒಬ್ಬ ಹುಡುಗ ತುಂಬ ಹೊತ್ತು ಸುಮ್ನೆ ಕೂತಿದ್ದು, "ಬಾವ್ಯಾಗಿನ ನೀರು ಕುಡಿಯೋರು ಏನ್ ಮಾಡ್ತಾರ್ರಿ ಈಗ?" ಅಂದ. ಬೇಸಿಗೆಯಲ್ಲಿ ನೀರಿಗೆ ಕೊಡ ಹೊತ್ತ ಮನೆಯ ಹುಡುಗ. ಆ ಯೋಚನೆ ಯಾವ ಚೌಕಟ್ಟಿನಲ್ಲೂ ಸಿಗುವುದಿಲ್ಲ.

ಪುಸ್ತಕದಾಗಿನ ಕನ್ನಡ ನಮ್ಮ ಕನ್ನಡದಂಗ ಇಲ್ಲ. ಮಗಳಿಗೆ ತಿಳಿವಲ್ದು.

ನಿಜ. ಪುಸ್ತಕದಲ್ಲಿ "ಅವಳು ಬಂದಳು" ಅಂತಿರುತ್ತದೆ, ಮನೆಯಲ್ಲಿ "ಆಕಿ ಬಂದ್ಲು". ಪುಸ್ತಕದ ಮಕ್ಕಳು ಅಡಿಕೆ ತೋಟದಲ್ಲಿ ಆಡುತ್ತಾರೆ, ನಮ್ಮ ಮಕ್ಕಳು ಕಂಡದ್ದು ಭತ್ತದ ಗದ್ದೆ, ಹತ್ತಿ ಹೊಲ, ಬಂಡೆಗುಡ್ಡ. ಮೊದಲ ಸಲ ಓದಿ ಹೇಳುವಾಗ ನಿಮ್ಮ ಮಾತಿಗೆ ತಿರುಗಿಸಿ ಹೇಳಿ. ಎರಡನೇ ಸಲ ಇದ್ದದ್ದು ಇದ್ದ ಹಾಗೆ ಓದಿ. ಕತೆ ಆಗಲೇ ಗೊತ್ತಿರುವುದರಿಂದ ಪದಗಳು ತಾವಾಗಿ ತಿಳಿಯುತ್ತವೆ. ಉತ್ತರ ಕರ್ನಾಟಕದ ಲೇಖಕರು ಮಕ್ಕಳಿಗಾಗಿ ಚೆನ್ನಾಗಿ ಬರೆಯುತ್ತಿದ್ದಾರೆ. 2025ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದದ್ದು ಕೆ. ಶಿವಲಿಂಗಪ್ಪ ಹಂದಿಹಾಳು ಅವರ ಮಕ್ಕಳ ಕತೆಗಳಿಗೆ. ಅಂಗಡಿಯಲ್ಲಿ ನಮ್ಮ ಕಡೆಯವರ ಪುಸ್ತಕ ಬೇಕು ಅಂತ ಕೇಳಿ. ಕೇಳಿದರೆ ತಾನೇ ಅವರು ತರಿಸುವುದು.

ಮನ್ಯಾಗ ತೆಲುಗು ಮಾತಾಡ್ತೀವಿ, ಸಾಲ್ಯಾಗ ಕನ್ನಡ. ಯಾವ ಭಾಷಾದ ಪುಸ್ತಕ ಕೊಡೂಣು?

ಎರಡೂ. ಗಂಗಾವತಿ, ಸಿಂಧನೂರಿನ ಕ್ಯಾಂಪುಗಳಿಂದ, ಅಂದರೆ ತೆಲುಗು ರೈತರು ಬಂದು ನೆಲೆಸಿದ ಊರುಗಳಿಂದ, ಈ ಪ್ರಶ್ನೆ ತುಂಬ ಬರುತ್ತದೆ. ಉರ್ದು ಮನೆಮಾತಿನವರು, ಲಂಬಾಣಿ ತಾಂಡಾದವರು ಕೂಡ ಕೇಳುತ್ತಾರೆ. ಕತೆ ಮೊದಲು ಮನೆಮಾತಿನಲ್ಲಿ ಕಿವಿಗೆ ಬೀಳಲಿ, ಆಮೇಲೆ ಅದೇ ಕತೆ ಕನ್ನಡದಲ್ಲಿ ಕಣ್ಣಿಗೆ ಬೀಳಲಿ. ಸ್ಟೋರಿವೀವರಿನಲ್ಲಿ ಒಂದೇ ಕತೆ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಸಿಗುವುದುಂಟು. ಚೆನ್ನೈನ ತೂಲಿಕಾ ಪ್ರಕಾಶನದವರು ಕನ್ನಡ-ಇಂಗ್ಲಿಷ್ ಎರಡೂ ಇರುವ ಪುಸ್ತಕ ತರುತ್ತಾರೆ.

ದೆವ್ವದ ಕತಿ, ಸಾಯೋ ಕತಿ ಕೊಡಬಹುದೇನ್ರಿ?

ಮಗು ತಾನೇ ಕೇಳಿದರೆ ಕೊಡಿ, ಮೊದಲು ನೀವು ಓದಿ. ಹೆದರಿಕೆ ಬಂದು ಹೋಗುವ ಕತೆ ಒಳ್ಳೆಯದು. ಹೆದರಿಕೆಯಲ್ಲೇ ನಿಲ್ಲಿಸುವ ಕತೆ ಸಣ್ಣವರಿಗೆ ಬೇಡ. ಸಾವಿನ ಕತೆಯನ್ನು ಬಚ್ಚಿಡಬೇಡಿ. ಅಜ್ಜ ತೀರಿಕೊಂಡ ಮನೆಯ ಒಂದು ಹುಡುಗಿ ಅಂಥದ್ದೇ ಒಂದು ಪುಸ್ತಕವನ್ನು ಮೂರು ವಾರ ವಾಪಸ್ ಕೊಡಲಿಲ್ಲ. ನಾವೂ ಕೇಳಲಿಲ್ಲ.

ಕಾಮಿಕ್ಸ್ ಓದಿದ್ರ ಅದು ಓದಿದಂಗಾ?

ಹೌದು, ಓದೇ. ಎರಡು ಚೌಕದ ನಡುವೆ ಏನಾಯಿತು ಅಂತ ಊಹಿಸುವುದು ಸಣ್ಣ ಕೆಲಸವಲ್ಲ. ಧಾರಾಳವಾಗಿ ಕೊಡಿ.

## ಓದು ಹಿಡಿದ, ಪ್ರಶ್ನೆ ಬಿಡದ ಮಕ್ಕಳಿಗೆ

ನನ್ ಮಗ ಕತಿ ಬ್ಯಾಡ ಅಂತಾನ, ಬರೇ ಅದ್ಯಾಕ ಇದ್ಯಾಕ ಅಂತ ಕೇಳ್ತಾನ. ಅಂಥವರಿಗೆ ಎಂಥಾ ಪುಸ್ತಕ?

ಅವನಿಗೆ ಬೇಕಾಗಿರುವುದು ನಿಜವಾಗಿ ನಡೆದದ್ದರ ಕತೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತಲ್ಲ, ಆಮೇಲಿನ ಭಾನುವಾರ ಮಕ್ಕಳು ಒಂದೇ ಪ್ರಶ್ನೆ ಹಿಡಿದು ಕೂತಿದ್ದರು: ಅಷ್ಟು ನೀರು ಹರಿಯುತ್ತಿರುವಾಗಲೇ ಹೊಸ ಗೇಟು ಹೇಗೆ ಇಳಿಸುತ್ತಾರೆ? ದೊಡ್ಡ ತುಂಡುಗಳಾಗಿ ಮಾಡಿ, ಒಂದರ ಮೇಲೊಂದು ಇಳಿಸಿ, ವಾರದೊಳಗೆ ನೀರು ತಡೆದರು. ಆ ಒಂದು ವಾರವೇ ಒಂದು ಪುಸ್ತಕ ಆಗಬಹುದು. ಅದರೊಳಗೆ ನೀರಿನ ಒತ್ತಡ, ಎಂಜಿನಿಯರಿಂಗ್, ರೈತರ ಆತಂಕ ಎಲ್ಲ ಬರುತ್ತವೆ.

ಮಾಹಿತಿ ಪುಸ್ತಕ ಆರಿಸುವಾಗಲೂ ಇದನ್ನೇ ನೋಡಿ. ಅಲ್ಲೊಂದು ಒಗಟು ಇರಬೇಕು, ಅದನ್ನು ಬಿಡಿಸುವ ಜನ ಇರಬೇಕು. "ಅಶೋಕನು ಮೌರ್ಯ ದೊರೆ, ಅನೇಕ ಶಾಸನಗಳನ್ನು ಬರೆಸಿದನು" ಅನ್ನುವುದು ಮಾಹಿತಿ. ಇದನ್ನೇ ಹೀಗೆ ಹೇಳಿ: 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಬಿಡಿಸಿದ. ಕಲ್ಲುಗಳ ಮೇಲೆ 'ದೇವಾನಾಂಪಿಯ ಪಿಯದಸಿ' ಅಂತಿತ್ತು. ಯಾರಪ್ಪ ಈ ದೊರೆ? ಅಶೋಕನೇ ಇರಬೇಕು ಅಂತ ವಿದ್ವಾಂಸರು ಬೇರೆ ಗ್ರಂಥಗಳಿಂದ ಊಹಿಸಿದರು. ಆದರೆ ಕಲ್ಲಿನ ಮೇಲೆ ಆ ಹೆಸರು ಸಿಕ್ಕಿರಲಿಲ್ಲ. 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ ಒಂದು ಶಾಸನ ಸಿಕ್ಕಿತು. ಅದರಲ್ಲಿ ಅಶೋಕ ಅಂತಲೇ ಬರೆದಿತ್ತು. ಆಮೇಲೆ ಆ ಹೆಸರಿರುವ ಕಲ್ಲುಗಳು ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳದಲ್ಲೂ ಸಿಕ್ಕವು. ಇದನ್ನು ಕೇಳಿದ ಆರನೇ ಕ್ಲಾಸಿನ ಹುಡುಗರು ಮುಂದಿನ ವಾರ ಕೊಪ್ಪಳದ ಗವಿಮಠದಲ್ಲಿರುವ ಅಶೋಕನ ಶಾಸನ ನೋಡಲು ತಾವೇ ಹೊರಟರು. ದಿನಾ ಕಾಣುವ ಬೆಟ್ಟ ಅದು.

ಇಂಥ ಪುಸ್ತಕದಲ್ಲಿ ಇನ್ನೊಂದು ಗುಣ ಹುಡುಕಿ. ಗೊತ್ತಿರುವುದನ್ನೂ ಊಹೆಯನ್ನೂ ಬೇರೆ ಬೇರೆ ಹೇಳಿರಬೇಕು. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಕಲ್ಲುಮನೆಗಳನ್ನು ಊರವರು ಮೋರ್ಯರ ಮನೆ ಅನ್ನುತ್ತಾರೆ. ಪುರಾತತ್ವದವರು ಅವನ್ನು ಬೃಹತ್ ಶಿಲಾಯುಗದ ಸಮಾಧಿ ನೆಲೆ ಅನ್ನುತ್ತಾರೆ. ಒಳ್ಳೆಯ ಪುಸ್ತಕ ಎರಡನ್ನೂ ಮಗುವಿನ ಮುಂದಿಟ್ಟು, ಯಾವುದಕ್ಕೆ ಯಾವ ಆಧಾರ ಅಂತ ತೋರಿಸುತ್ತದೆ.

ಒಂದ ಪುಸ್ತಕನ ಹತ್ತು ಸಲ ಓದ್ತಾಳ. ಹೊಸಾದು ಮುಟ್ಟಂಗಿಲ್ಲ.

ಓದಲಿ ಬಿಡಿ. ಆ ಪುಸ್ತಕದಲ್ಲಿ ಅವಳಿಗೆ ಯಾರು ಇಷ್ಟ ಅಂತ ಕೇಳಿ. ಅಂಥವರೇ ಇರುವ ಇನ್ನೊಂದನ್ನು ಪಕ್ಕದಲ್ಲಿಡಿ.

ಐದನೇತ್ತಾ ತನಕ ಚಲೋ ಓದ್ತಿದ್ದ. ಏಳಕ್ಕ ಬಂದ ಮ್ಯಾಲೆ ಪುಸ್ತಕನ ಮುಟ್ಟವಲ್ಲ.

ಈ ವಯಸ್ಸಿನಲ್ಲಿ ಬಹಳ ಮಕ್ಕಳು ಕೈತಪ್ಪುತ್ತಾರೆ. ಇಲಿ-ಬೆಕ್ಕಿನ ಕತೆ ಅವರಿಗೆ ಸಣ್ಣದಾಯಿತು, ದೊಡ್ಡವರ ಕಾದಂಬರಿ ಇನ್ನೂ ದೊಡ್ಡದು. ನಡುವಿನ ಪುಸ್ತಕ ಕನ್ನಡದಲ್ಲಿ ಕಡಿಮೆ. ಪತ್ತೇದಾರಿ, ಪ್ರಯಾಣ, ಶಿಕಾರಿ, ಆಟಗಾರರ ಬದುಕು, ಹೀಗೆ ಓಟ ಇರುವ ಪುಸ್ತಕಗಳಿಂದ ಸೇತುವೆ ಕಟ್ಟಬೇಕು. ಎಂಟನೆಯ ಕ್ಲಾಸಿನ ಹೊತ್ತಿಗೆ ತೇಜಸ್ವಿಯವರನ್ನು ಕೊಡಿ. 1980ರ 'ಕರ್ವಾಲೊ'ದಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಡುತ್ತಾರೆ. ಓತಿಕ್ಯಾತಕ್ಕೆ ಕಲ್ಲು ಹೊಡೆದು ಬೆಳೆದ ನಮ್ಮ ಹುಡುಗರಿಗೆ ಅದೊಂದೇ ಸಾಕು ಒಳಗೆ ಹೋಗಲು. ಎಲ್ಲ ತಿಳಿಯಬೇಕು ಅಂತಿಲ್ಲ. ಇಪ್ಪತ್ತು ಪುಟ ಓದಿ ಬೇಡ ಅಂದರೆ ಬಿಡುವ ಹಕ್ಕನ್ನೂ ಕೊಡಿ.

ಇನ್ನೊಂದು ಮಾತು. ಈ ವಯಸ್ಸಿನ ಹುಡುಗಿಯರು ಓದು ಬಿಡುವುದು ಎಷ್ಟೋ ಸಲ ಬೇಸರದಿಂದಲ್ಲ, ಮನೆಗೆಲಸ ಹೆಚ್ಚಾಗಿ ಹೊತ್ತು ಸಿಗದೆ. ಸಂಜೆ ಅರ್ಧ ಗಂಟೆ ಅವಳಿಗೆ ಬಿಟ್ಟುಕೊಡಿ.

ಸಾಲಿಗೆ ದಾನಿಗಳು ಐದು ಸಾವಿರ ಕೊಟ್ಟಾರ. ಯಾವ ಪುಸ್ತಕ ತರೂಣು?

ಒಂದೇ ಪ್ರಕಾಶಕರ ನೂರು ಪುಸ್ತಕದ ಸೆಟ್ಟು ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ. ಅದರಲ್ಲಿ ಹತ್ತು ಓಡಾಡುತ್ತವೆ, ತೊಂಬತ್ತು ಧೂಳು ಹಿಡಿಯುತ್ತವೆ. ಅರ್ಧ ದುಡ್ಡಿಗೆ ತೆಳ್ಳಗಿನ ಚಿತ್ರಕತೆ ತನ್ನಿ, ಉಳಿದದ್ದರಲ್ಲಿ ದೊಡ್ಡ ಮಕ್ಕಳ ಕತೆ, ವಿಜ್ಞಾನ, ಕಾಮಿಕ್ಸ್. ಸಾವಿರ ರೂಪಾಯಿ ಹಾಗೇ ಇಟ್ಟುಕೊಳ್ಳಿ. ಎರಡು ತಿಂಗಳಾದ ಮೇಲೆ ಯಾವ ಪುಸ್ತಕಕ್ಕೆ ಜಗಳ ಆಗುತ್ತದೋ ಅದರ ಇನ್ನೆರಡು ಪ್ರತಿ ತರಲು ಬೇಕಾಗುತ್ತದೆ. ಅಂಗಡಿಗೆ ಹೋಗುವಾಗ ನಾಲ್ಕು ಮಕ್ಕಳನ್ನು ಕರೆದುಕೊಂಡು ಹೋಗಿ, ಅದರಲ್ಲಿ ಒಬ್ಬರು ಓದಲು ಇಷ್ಟವಿಲ್ಲದವರಿರಲಿ. ಅವರ ಕೈ ಯಾವ ಪುಸ್ತಕಕ್ಕೆ ಹೋಗುತ್ತದೆ ಅನ್ನುವುದನ್ನು ನೋಡಬೇಕು.

ತಂದ ಮೇಲೆ ಬೀರುವಿಗೆ ಬೀಗ ಹಾಕಬೇಡಿ. ಒಂದು ಶಾಲೆಯಲ್ಲಿ ಚಂದದ ಪುಸ್ತಕಗಳು ಹೊಸ ವಾಸನೆ ಹೋಗದ ಹಾಗೆ ಗಾಜಿನೊಳಗಿದ್ದವು. ಕಳೆದರೆ ಯಾರು ಹೊಣೆ ಅನ್ನುವ ಭಯ. ಕಳೆಯುತ್ತವೆ, ಹರಿಯುತ್ತವೆ, ಒಗ್ಗಾಣಿಯ ಎಣ್ಣೆ ಹತ್ತುತ್ತದೆ. ದಾಸ್ತಾನು ಪುಸ್ತಕದಲ್ಲಿ 'ಓದಿ ಸವೆದದ್ದು' ಅಂತ ಒಂದು ಕಲಂ ಹಾಕಿ. ಗೋಡೆಗೆ ಅಡ್ಡಡ್ಡ ದಾರ ಕಟ್ಟಿ, ಮುಖಪುಟ ಕಾಣುವಂತೆ ಪುಸ್ತಕ ನೇತುಹಾಕಿ. ಹುಡುಗರ ಎತ್ತರಕ್ಕೆ ಕಟ್ಟಿ, ನಿಮ್ಮ ಎತ್ತರಕ್ಕಲ್ಲ. ಒಯ್ದವರ ಹೆಸರು ಬರೆಯುವ ಕೆಲಸ ಮಕ್ಕಳಿಗೇ ಕೊಡಿ. ನಮ್ಮ ರಿಜಿಸ್ಟರನ್ನು ನಾಲ್ಕನೇ ಕ್ಲಾಸಿನ ಒಬ್ಬಳು ಬರೆಯುತ್ತಾಳೆ. 'ಷರಾ' ಅಂತ ನಾನು ಗೆರೆ ಎಳೆದುಕೊಟ್ಟ ಕಾಲಮ್ಮಿನಲ್ಲಿ ಹೋದ ವಾರ ಹೀಗಿತ್ತು: "ಇದನ್ನ ಕೊನೀ ಪುಟದಿಂದ ನೋಡಬ್ಯಾಡ್ರಿ, ಕಳ್ಳ ಗೊತ್ತಾಗಿಬಿಡ್ತಾನ."